ಹಾಡುವ ಕಪಾಟಿನ ಬೆಲೆ

(ಶಾಲೆಯ ವಾರ್ಷಿಕ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಹಳೆಯ ಗ್ರಾಮಫೋನುಗಳನ್ನು ಕೂಡಿಡುವುದು ನನ್ನ ಬಹುಕಾಲದ ಹವ್ಯಾಸ. ಅವುಗಳಲ್ಲಿಯೂ ಮೇಜಿನ ಮೇಲೆ ಕೂಡುವ ಕಹಳೆಯ ಯಂತ್ರಗಳಿಗಿಂತ, ಕಪಾಟಿನಂತೆ ನೆಲದ ಮೇಲೆ ನೆಟ್ಟಗೆ ನಿಲ್ಲುವ ಯಂತ್ರಗಳಲ್ಲಿ ನನಗೆ ಆಸಕ್ತಿ ಹೆಚ್ಚು. ನನ್ನನ್ನು ಕಂಡವರು ಬಹುಮಟ್ಟಿಗೆ ಕೇಳುವ ಪ್ರಶ್ನೆ ಒಂದೇ: "ಇದು ನೂರು ವರ್ಷದ್ದಲ್ಲವೆ? ಎಷ್ಟು ಬೆಲೆ ಬಂದೀತು?" ಹಳೆಯ ವಸ್ತುವಿನ ಬೆಲೆಯನ್ನು ಅರಿಯುವ ಬಗೆ ಯಾವುದು ಎಂಬುದನ್ನೇ ಈ ದಿನ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ಯಂತ್ರದ ಪರಿಚಯವಾಗಲಿ. 1877ರಲ್ಲಿ ಅಮೇರಿಕೆಯ ಥಾಮಸ್ ಆಲ್ವಾ ಎಡಿಸನ್ನರು ತವರದ ಹಾಳೆ ಸುತ್ತಿದ ಉರುಳೆಯ ಮೇಲೆ ಮಾತನ್ನು ಮೂಡಿಸಿ, ಅದನ್ನೇ ಮರಳಿ ನುಡಿಸಿದರು. ಅದಕ್ಕೆ ಫೋನೋಗ್ರಾಫು ಎಂದು ಹೆಸರಾಯಿತು. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಎಮಿಲ್ ಬರ್ಲಿನರ್ ಎಂಬವರು ಉರುಳೆಯನ್ನು ಬಿಟ್ಟು ಚಪ್ಪಟೆಯಾದ ತಟ್ಟೆಯನ್ನು ಬಳಕೆಗೆ ತಂದರು, ಅದೇ ಗ್ರಾಮಫೋನು. ಆದರೆ ಅದರ ದೊಡ್ಡ ಕಹಳೆ ಧೂಳು ಹಿಡಿಯುತ್ತಿತ್ತು, ಕೋಣೆಯಲ್ಲಿ ಎಡತಾಕುತ್ತಿತ್ತು. 1906ರಲ್ಲಿ ವಿಕ್ಟರ್ ಕಂಪನಿಯವರು ಕಹಳೆಯನ್ನು ಕೆಳಮುಖವಾಗಿ ತಿರುಗಿಸಿ, ಆಳೆದೆಯ ಎತ್ತರದ ಮರದ ಕಪಾಟಿನೊಳಗೆ ಅಡಗಿಸಿ, ಅದಕ್ಕೆ 'ವಿಕ್ಟ್ರೋಲಾ' ಎಂದು ಹೆಸರಿಟ್ಟರು. ಅಂದಿನ ಬೆಲೆ 200 ಡಾಲರು. ಮುಂಭಾಗದ ಬಾಗಿಲನ್ನು ತೆರೆದರೆ ಹಾಡು ಜೋರಾಗುವುದು, ಮುಚ್ಚಿದರೆ ಮೆಲ್ಲಗಾಗುವುದು. 1909ರಲ್ಲಿ ಎಡಿಸನ್ನರೂ ಉರುಳೆ ನುಡಿಸುವ ಯಂತ್ರವನ್ನು ಕಪಾಟಿನೊಳಗಿಟ್ಟು 'ಆಂಬರೋಲಾ' ಎಂದು ಕರೆದರು.

ವಿದ್ಯಾರ್ಥಿಗಳೆ, ಇಂಥ ಸಾಮಾನ್ಯ ಯಂತ್ರಕ್ಕೆ ವಿದ್ಯುತ್ತು ಬೇಡ. ಕೀಲಿ ಕೊಟ್ಟರೆ ಒಳಗಿನ ಉಕ್ಕಿನ ಸುರುಳಿ ಬಿಗಿಯುತ್ತದೆ. ಅದು ಬಿಚ್ಚಿಕೊಳ್ಳುವಾಗ ತಟ್ಟೆ ತಿರುಗುತ್ತದೆ. ವೇಗ ಹೆಚ್ಚಿದೊಡನೆ ಮೂರು ಪುಟ್ಟ ಲೋಹದ ಗುಂಡುಗಳು ಹೊರಕ್ಕೆ ಹರಡಿ, ಒಂದು ಬಿಲ್ಲೆಯನ್ನು ತಡೆಗೆ ಒತ್ತಿಸಿ, ನಿಮಿಷಕ್ಕೆ ಸುಮಾರು 78 ಸುತ್ತಿನ ಗತಿಯನ್ನು ಕಾಯುತ್ತವೆ. ತಟ್ಟೆಯ ಗೆರೆಯಲ್ಲಿ ಓಡುವ ಮುಳ್ಳಿನ ನಡುಕವನ್ನು ಅಭ್ರಕದ, ಎಂದರೆ ಕಾಗೆಬಂಗಾರದ, ತೆಳುವಾದ ಬಿಲ್ಲೆಯೊಂದು ಧ್ವನಿಯಾಗಿ ಮಾರ್ಪಡಿಸುತ್ತದೆ. ಆ ತಟ್ಟೆಯನ್ನು ಮಾಡುತ್ತಿದ್ದುದು ಅರಗಿನಿಂದ. ನಮ್ಮ ದೇಶದ ಕಾಡುಗಳ ಅರಗು ಹಡಗೇರಿ ಪರದೇಶಗಳ ತಟ್ಟೆ ಕಾರಖಾನೆಗಳಿಗೆ ಹೋಗುತ್ತಿತ್ತು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಹಾಡುಗಳ ತಟ್ಟೆಗಳು ತಯಾರಾದದ್ದು ಜರ್ಮನಿಯ ಹ್ಯಾನೋವರಿನಲ್ಲಿ. 1908ರಲ್ಲಿ ಕಲಕತ್ತೆಯಲ್ಲಿಯೇ ಕಾರಖಾನೆಯಾದ ಮೇಲೆ ಆ ದೂರದ ಪ್ರಯಾಣ ತಪ್ಪಿತು.

ಇನ್ನು ಬೆಲೆಯ ಮಾತು. ವಯಸ್ಸೊಂದರಿಂದಲೇ ಬೆಲೆ ಬರುವುದಿಲ್ಲ. ಇದು ಮೊದಲನೆಯ ಪಾಠ. ಕಪಾಟಿನ ಗ್ರಾಮಫೋನುಗಳು ಅಮೇರಿಕೆಯಲ್ಲಿ ಲಕ್ಷಗಟ್ಟಲೆ ತಯಾರಾದವು. ಆದುದರಿಂದ ಸಾಮಾನ್ಯ ಮಾದರಿಗಳು ನೂರು ವರ್ಷ ದಾಟಿದ್ದರೂ ಅಲ್ಲಿ ಅಗ್ಗವಾಗಿಯೇ ದೊರೆಯುತ್ತವೆ. ವಿರಳವಾದುವುಗಳ ಮಾತು ಬೇರೆ. ಹಣ ಹಾಕಿ ಇಪ್ಪತ್ತನಾಲ್ಕು ಉರುಳೆಗಳಲ್ಲಿ ಬೇಕಾದುದನ್ನು ಆರಿಸಿ ಕೇಳಬಹುದಾಗಿದ್ದ 'ಮಲ್ಟಿಫೋನು', ಒತ್ತಡದ ಗಾಳಿಯಿಂದ ಸಭೆಗೆಲ್ಲ ಕೇಳುವಂತೆ ನುಡಿಯುತ್ತಿದ್ದ 'ಆಕ್ಸೆಟೋಫೋನು', ಚಪ್ಪಟೆ ಮುಚ್ಚಳದ ಮೊಟ್ಟಮೊದಲ ವಿಕ್ಟ್ರೋಲಾಗಳು: ಇಂಥವು ಉಳಿದಿರುವುದು ಕೆಲವೇ. ಅವನ್ನು ಬಯಸುವವರು ಅನೇಕರು.

ಎರಡನೆಯದು, ಅಂಗಾಂಗಗಳ ಸಾಚಾತನ. ಒಂದು ಯಂತ್ರದ ಕಪಾಟು, ಇನ್ನೊಂದರ ತೋಳು, ಮತ್ತೊಂದರ ಧ್ವನಿಪೆಟ್ಟಿಗೆ ಕೂಡಿಸಿ ಮಾರುವವರುಂಟು. ಕಪಾಟಿಗೆ ತಗುಲಿಸಿದ ತಗಡಿನ ಮೇಲಿನ ಮಾದರಿಯ ಹೆಸರನ್ನೂ ಕ್ರಮಸಂಖ್ಯೆಯನ್ನೂ ಓದಿ, ಒಳಗಿನ ಭಾಗಗಳು ಅದಕ್ಕೆ ಒಪ್ಪುತ್ತವೆಯೆ ಎಂದು ನೋಡಬೇಕು. ಯಂತ್ರವನ್ನು ಕಿತ್ತೆಸೆದು ಬರಿಯ ಕಪಾಟನ್ನು ಪಾತ್ರೆ ಪುಸ್ತಕಗಳಿಗೆ ಬಳಸಿದವರೂ ಇದ್ದಾರೆ. ಅದಕ್ಕೆ ಮರದ ಬೆಲೆಯೇ ಸರಿ. ಯಂತ್ರಕ್ಕೆ ಅದರದೇ ತಟ್ಟೆ ಎಂಬುದನ್ನೂ ಮರೆಯಬಾರದು. ವಿಕ್ಟರ್ ತಟ್ಟೆಯಲ್ಲಿ ಮುಳ್ಳು ಅಕ್ಕಪಕ್ಕಕ್ಕೆ ಅಲುಗುತ್ತದೆ. 1912ರಲ್ಲಿ ಬಂದ ಎಡಿಸನ್ನರ ದಪ್ಪ ತಟ್ಟೆಯಲ್ಲಿ ವಜ್ರದ ಮುಳ್ಳು ಮೇಲೆ ಕೆಳಗೆ ಅಲುಗುತ್ತದೆ. ಆ ತಟ್ಟೆಯ ಮೇಲೆ ಉಕ್ಕಿನ ಮುಳ್ಳನ್ನಿಟ್ಟರೆ ತಟ್ಟೆಯೇ ಕೆಡುವುದು.

ಮೂರನೆಯದು, ಹೊರಮೈ. ಇದನ್ನು ನಾನು ನಷ್ಟಪಟ್ಟು ಕಲಿತೆನು. ನಮ್ಮ ತಂದೆಯವರು ಹಳೆಯ ವಾಡೆಯೊಂದರ ಲಿಲಾವಿನಲ್ಲಿ ಒಂದು ಕಪಾಟಿನ ಗ್ರಾಮಫೋನನ್ನು ಕೊಂಡಿದ್ದರು. ಅವರು ತೀರಿಕೊಂಡ ಮೇಲೆ, ಮಂಕಾಗಿದ್ದ ಆ ಕಪಾಟನ್ನು ಅಂದಗೊಳಿಸಬೇಕೆಂಬ ಉತ್ಸಾಹದಿಂದ ಬಡಿಗನೊಬ್ಬನನ್ನು ಕರೆಯಿಸಿ, ಒಳಹೊರಗೆಲ್ಲ ಉಜ್ಜಿ ಹೊಸ ಮೆರುಗೆಣ್ಣೆ ಹಚ್ಚೆಂದು ಹೇಳಿದೆನು. ಅವನು ಹೇಳಿದಂತೆಯೇ ಮಾಡಿದನು, ತಪ್ಪು ಅವನದಲ್ಲ. ಕೆಲವು ತಿಂಗಳ ತರುವಾಯ ಈ ವಿಷಯವನ್ನು ಬಲ್ಲ ಹಿರಿಯರೊಬ್ಬರು ಮನೆಗೆ ಬಂದು, ಮುಚ್ಚಳವನ್ನೆತ್ತಿ ನೋಡಿ, "ಕಂಪನಿಯ ಮುದ್ರೆ ಎಲ್ಲಿ ಹೋಯಿತು?" ಎಂದು ಕೇಳಿದರು. ಮುದ್ರೆ ಉಜ್ಜಿಹೋಗಿತ್ತು. ಮೂಲ ಬಣ್ಣವೂ ಹೋಗಿ ಬೆಲೆ ಅರ್ಧಕ್ಕಿಳಿಯಿತೆಂದು ಅವರು ಹೇಳಿದರು.

ಅದು ನನಗೆ ದೊಡ್ಡ ದುಃಖವಾಗಲಿಲ್ಲ. ಅದೇ ಮುಚ್ಚಳದ ಒಳಮೈಯಲ್ಲಿ ನಮ್ಮ ತಂದೆಯವರು ತಮ್ಮಲ್ಲಿದ್ದ ತಟ್ಟೆಗಳ ಹೆಸರುಗಳನ್ನು ಸೀಸದಕಡ್ಡಿಯಿಂದ ಕನ್ನಡದಲ್ಲಿ ಬರೆದಿಟ್ಟಿದ್ದರು. ಹೊಸ ತಟ್ಟೆ ಬಂದಾಗಲೆಲ್ಲ ನನ್ನನ್ನು ಎತ್ತಿ ಹಿಡಿದು ಅದನ್ನು ಓದಿಸುತ್ತಿದ್ದರು. ಸುತ್ತಲೂ ಬೇರೆ ಭಾಷೆಯ ಫಲಕಗಳಿದ್ದ ನಮ್ಮ ಊರಿನಲ್ಲಿ ನಾನು ಶಾಲೆಗೆ ಸೇರುವ ಮೊದಲೇ ಕನ್ನಡ ಅಕ್ಷರಗಳನ್ನು ಕಲಿತದ್ದು ಆ ಮುಚ್ಚಳದ ಮೇಲೆ. ಆ ಬರಹವೂ ಉಜ್ಜಿಹೋಯಿತೆಂಬುದು ಅವರು ಮುಚ್ಚಳವನ್ನೆತ್ತಿದಾಗಲೇ ನನಗೆ ಹೊಳೆಯಿತು. ಯಾವ ಪೇಟೆಯಲ್ಲಿಯೂ ಅದನ್ನು ಮರಳಿ ಕೊಳ್ಳಲು ಬಾರದು.

ಪಾಲಕ ಬಂಧುಗಳೆ, ಪೇಟೆಯವನು ಹೇಳುವುದು ಬೆಲೆ. ಮನೆಯವನು ಮಾತ್ರ ಬಲ್ಲದ್ದು ಮೌಲ್ಯ. ಎರಡನ್ನೂ ಅರಿಯದೆ ಹಳೆಯ ವಸ್ತುವನ್ನು ಮಾರಲೂ ಬೇಡಿರಿ, ಉಜ್ಜಲೂ ಬೇಡಿರಿ. ಮೆತ್ತಗಿನ ಒಣ ಬಟ್ಟೆಯಿಂದ ಧೂಳು ಒರೆಸಿರಿ, ತೇವದಿಂದ ದೂರವಿಡಿರಿ, ಬಲ್ಲವರನ್ನು ಕೇಳಿರಿ. ವಿದ್ಯಾರ್ಥಿಗಳೆ, ನಿಮ್ಮ ಮನೆಯ ಅಟ್ಟದಲ್ಲಿರುವ ಹಳೆಯ ಪೆಟ್ಟಿಗೆ, ತಟ್ಟೆ, ವಹಿಗಳ ಮೇಲೆ ಏನು ಬರೆದಿದೆ ಎಂಬುದನ್ನು ಈ ರಜೆಯಲ್ಲಿ ಓದಿ ಒಂದು ಪುಸ್ತಕದಲ್ಲಿ ಇಳಿಸಿಕೊಳ್ಳಿರಿ. ಅದನ್ನು ಬರೆದವರು ಯಾರೆಂದು ಅಜ್ಜಿಯನ್ನೋ ಅಜ್ಜನನ್ನೋ ಕೇಳಿರಿ. ನಾನು ಹಾಗೆ ಮಾಡಿದ್ದರೆ ಆ ಹೆಸರುಗಳ ಪಟ್ಟಿಯಾದರೂ ನನ್ನಲ್ಲಿ ಉಳಿಯುತ್ತಿತ್ತು.