ಬಾಣಂತಿಗೆ ಬೇಕಾದ ಹೊತ್ತು



ಕಮಲಾಪುರದ ಕೆಂಬಾಳೆ ತೋಟದಲ್ಲಿ ದುಡಿಯುವ ಹತ್ತೊಂಬತ್ತರ ಬಾಣಂತಿಗೆ ಕೂಸು ಹಿಡಿಯಲು ಬಾರದೆಂದು ನಗುತ್ತೇವೆ. ಕಲಬುರಗಿಯ ಬೇಳೆ ಮಿಲ್ಲಿನಲ್ಲಿ ದುಡಿದು ಮೂವತ್ತೆಂಟಕ್ಕೆ ಹೆತ್ತವಳಿಗೆ "ಈ ವಯಸ್ಸಿನಲ್ಲಿ ಬೇಕಿತ್ತೇ?" ಎನ್ನುತ್ತೇವೆ. ಕೂಸು ವಯಸ್ಸು ಕೇಳುವುದಿಲ್ಲ. ಗರ್ಭದಲ್ಲೇ ಕೇಳಿದ ತಾಯಿಯ ದನಿಯನ್ನು ಹುಟ್ಟಿದೊಡನೆ ಗುರುತಿಸುತ್ತದೆ. ಮೈಗೆ ಮೈ ತಾಗಿ, ಮೊಲೆಯುಂಡು ನಂಟು ಬೆಳೆಸುತ್ತದೆ. ಅದಕ್ಕೆ ಹೊತ್ತು ಬೇಕು.

1961ರ ಹೆರಿಗೆ ಸೌಲಭ್ಯ ಕಾಯಿದೆ 12 ವಾರ ಸಂಬಳದ ರಜೆ ಕೊಟ್ಟಿತು. 2017ರಲ್ಲಿ ಅದು ಮೊದಲೆರಡು ಮಕ್ಕಳಿಗೆ 26 ವಾರವಾಯಿತು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ದಿನಗೂಲಿಯವಳು ಯಾರನ್ನು ಕೇಳಬೇಕು? ನಾನು ಮಾಸ್ತರನಾಗಿದ್ದಾಗ ಒಬ್ಬ ಹುಡುಗಿ ಹಾಲುಗೂಸು ತಂಗಿಯನ್ನು ಸೊಂಟದಲ್ಲಿ ಹೊತ್ತೇ ತರಗತಿಗೆ ಬರುತ್ತಿದ್ದಳು. ತಾಯಿ ಕೂಲಿಗೆ ಹೋಗಿರುತ್ತಿದ್ದಳು.

ವ್ಯಾಪಾರಿ ಮಿತ್ರರೇ, ನಿಮ್ಮಲ್ಲಿ ತೊಗರಿ ಆರಿಸುವವಳ ಹೆಸರನ್ನು ನಾಳೆಯೇ ಪುಸ್ತಕದಲ್ಲಿ ಬರೆಯಿರಿ.