‘ಒಲ್ಲೆ’ ಎಂದ ರೈತ

ಸತ್ಯಕ್ಕಾಗಿ ನೋವುಂಡವರ ಮಾತು ಬಂದಾಗ ನಮ್ಮ ಕಣ್ಣೆದುರು ಸುಳಿಯುವವರು ಬಹುಮಟ್ಟಿಗೆ ದೊಡ್ಡವರು: ಪಂಡಿತರು, ನಾಯಕರು, ಸಾವಿರಾರು ಮಂದಿ ಹಿಂಬಾಲಿಸಿದ ಮಹಾಪುರುಷರು. ಕೇಳುಗರೇ, ನಾನು ಈಗ ನಿಮ್ಮ ಮುಂದಿಡಬೇಕೆಂದಿರುವುದು ಅಂಥವರ ಕಥೆಯಲ್ಲ. ಹಿಂಬಾಲಿಸಲು ಒಬ್ಬನೂ ಇಲ್ಲದಿದ್ದ ಒಬ್ಬ ರೈತನ ಕಥೆ. ಊರು, ಆಸ್ಟ್ರಿಯ ದೇಶದ ಸೇಂಟ್ ರಾಡೆಗುಂಡ್ ಎಂಬ ಪುಟ್ಟ ಹಳ್ಳಿ. ಹಿಟ್ಲರ್ ಹುಟ್ಟಿದ ಬ್ರೌನೌ ಪಟ್ಟಣವೂ ಅದೇ ಜಿಲ್ಲೆಯದು. ರೈತನ ಹೆಸರು ಫ್ರಾಂಟ್ಸ್ ಯೇಗರ್‌ಷ್ಟೆಟರ್. ನಮ್ಮ ನಾಲಗೆಗೆ ತುಸು ತೊಡಕಾದ ಹೆಸರು. ಆದರೆ ಆತ ಎದುರಿಸಿದ ಪ್ರಶ್ನೆ ಯಾವ ನಾಡಿನವರಿಗೂ ಹೊಸದಲ್ಲ.

1907ರಲ್ಲಿ ಆತ ಹುಟ್ಟಿದಾಗ ತಾಯಿಗೆ ಮದುವೆಯಾಗಿರಲಿಲ್ಲ. ಹೆತ್ತ ತಂದೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದ. ಮುಂದೆ ತಾಯಿಯ ಕೈಹಿಡಿದಾತನೇ ಹುಡುಗನನ್ನು ದತ್ತು ತೆಗೆದುಕೊಂಡು ತನ್ನ ಹೆಸರನ್ನೂ ಹೊಲವನ್ನೂ ಕೊಟ್ಟ. ಯೌವನದಲ್ಲಿ ಫ್ರಾಂಟ್ಸ್ ಸಂತನೇನೂ ಆಗಿರಲಿಲ್ಲ. ಊರಿಗೆ ಮೊದಲ ಮೋಟಾರ್ ಸೈಕಲ್ ತಂದವನು ಆತ, ಹುಡುಗಾಟಿಕೆಗೂ ಹೆಸರಾಗಿದ್ದವನು. 1936ರಲ್ಲಿ ಫ್ರಾಂಜಿಸ್ಕಾ ಎಂಬಾಕೆಯನ್ನು ವಿವಾಹವಾದ ಮೇಲೆ ಆತನ ಬಾಳು ಗಂಭೀರವಾಯಿತು. ಗಂಡಹೆಂಡಿರು ಕೂಡಿ ಪ್ರಾರ್ಥಿಸಿದರು, ಕೂಡಿ ಬೈಬಲ್ ಓದಿದರು. ಮೂವರು ಹೆಣ್ಣುಮಕ್ಕಳು ಹುಟ್ಟಿದರು.

1938ರ ಮಾರ್ಚಿಯಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ನುಂಗಿತು. ಮರುತಿಂಗಳೇ ಆ ವಿಲೀನಕ್ಕೆ ಜನರ ಒಪ್ಪಿಗೆ ಪಡೆಯುವ ಮತದಾನ ನಡೆಯಿತು. ಸೇಂಟ್ ರಾಡೆಗುಂಡಿನಲ್ಲಿ ‘ಬೇಡ’ ಎಂದವನು ಫ್ರಾಂಟ್ಸ್ ಒಬ್ಬನೇ. ಮೇಲಕ್ಕೆ ಹೋದ ವರದಿಯಲ್ಲಿ ಆ ಒಂದು ಮತವೂ ಉಳಿಯಲಿಲ್ಲ. ಊರು ಅವಿರೋಧವಾಗಿ ಒಪ್ಪಿದೆಯೆಂದೇ ಬರೆಯಲಾಯಿತು. ಅನ್ಯಾಯವು ಸತ್ಯವಂತನನ್ನು ಕೊಲ್ಲುವ ಮೊದಲು ಆತ ಇಲ್ಲವೇ ಇಲ್ಲವೆಂದು ಲೆಕ್ಕ ಬರೆದಿಡುತ್ತದೆ!

ಯುದ್ಧ ಆರಂಭವಾದ ಮೇಲೆ ಕೆಲಕಾಲ ಆತ ಸೈನ್ಯದ ತರಬೇತಿಗೂ ಹೋಗಿಬಂದ. ಅಲ್ಲಿ ಕಂಡದ್ದು, ಮನೋರೋಗಿಗಳನ್ನು ಸರ್ಕಾರವೇ ಕೊಲ್ಲಿಸುತ್ತಿದೆಯೆಂದು ಕೇಳಿದ್ದು, ಎರಡೂ ಆತನ ಮನಸ್ಸನ್ನು ಗಟ್ಟಿಮಾಡಿದವು. ಅನ್ಯರ ನಾಡನ್ನು ದೋಚುವ ಈ ಯುದ್ಧದಲ್ಲಿ ಕ್ರೈಸ್ತನಾದವನು ಹಿಟ್ಲರನಿಗೆ ಪ್ರಮಾಣ ಮಾಡಿ ಬಂದೂಕು ಹಿಡಿಯಬಹುದೇ? ಇದು ಆತನ ಪ್ರಶ್ನೆ. ಉತ್ತರಕ್ಕಾಗಿ ಆತ ಧರ್ಮಗುರುಗಳನ್ನು ಕೇಳಿದ. ಕೊನೆಗೆ ಲಿಂಟ್ಸ್ ನಗರದ ಬಿಷಪ್ಪರ ಬಳಿಗೂ ಹೋದ. ಹೆಂಡತಿ ಮಕ್ಕಳ ಹೊಣೆಯನ್ನು ನೆನೆ, ಆಳುವವರ ತಪ್ಪಿಗೆ ನೀನು ಹೊಣೆಯಲ್ಲ ಎಂಬುದೇ ಅಲ್ಲಿ ದೊರೆತ ಬುದ್ಧಿವಾದ.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕುವುದು ಈ ಘಟ್ಟ. ವೈರಿಯ ತಿರಸ್ಕಾರವನ್ನು ಸಹಿಸಬಹುದು, ಅದು ನಿರೀಕ್ಷಿಸಿದ್ದು. ಆದರೆ ಯಾವ ಮಡಿಲಿನಲ್ಲಿ ನಾವು ಸತ್ಯದ ಹಾಲು ಕುಡಿದೆವೋ ಆ ಮಡಿಲೇ ‘ಇಷ್ಟೇಕೆ ಹಟ?’ ಎಂದರೆ? ಫ್ರಾಂಟ್ಸ್ ಧರ್ಮಸಭೆಯನ್ನು ಶಪಿಸಲಿಲ್ಲ, ಬಿಡಲೂ ಇಲ್ಲ. ಅದು ತನಗೆ ಕಲಿಸಿದ್ದನ್ನು ಅದರ ಹಿರಿಯರು ಹೆದರಿದ ಹೊತ್ತಿನಲ್ಲಿಯೂ ನಂಬಿಕೊಂಡಿದ್ದ, ಅಷ್ಟೆ.

1943ರ ಮಾರ್ಚಿ 1ರಂದು ಆತ ಎನ್ಸ್ ಪಟ್ಟಣದ ಸೇನಾ ಶಿಬಿರಕ್ಕೆ ತಾನಾಗಿ ಹೋಗಿ, ಯುದ್ಧ ಮಾಡಲೊಲ್ಲೆನೆಂದು ತಿಳಿಸಿದ. ಮನೆಯಲ್ಲಿ ಹಿರಿಯ ಮಗುವಿಗೆ ಐದು ವರ್ಷ. ಗಾಯಾಳುಗಳ ಶುಶ್ರೂಷೆ ಮಾಡಲು ಸಿದ್ಧನೆಂದು ಹೇಳಿದ. ಅದಕ್ಕೆ ಮನ್ನಣೆ ದೊರೆಯಲಿಲ್ಲ. ಬರ್ಲಿನಿನ ಟೇಗಲ್ ಸೆರೆಮನೆಗೆ ಒಯ್ದರು. ಜುಲೈ 6ರಂದು ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಫ್ರಾಂಜಿಸ್ಕಾ ಅಷ್ಟು ದೂರ ಪ್ರಯಾಣ ಮಾಡಿ ಕೆಲವೇ ನಿಮಿಷ ಗಂಡನನ್ನು ಕಂಡಳು. ಮೊದಮೊದಲು ಆತನ ಮನಸ್ಸನ್ನು ತಿರುಗಿಸಲು ಯತ್ನಿಸಿದ್ದವಳು ಆಕೆ. ಎಲ್ಲರೂ ಆತನೊಡನೆ ವಾದಿಸುತ್ತಿರುವಾಗ ತಾನೂ ವಾದಿಸಿದರೆ ಆತನಿಗೆ ಯಾರೂ ಉಳಿಯುವುದಿಲ್ಲವೆಂದು ಕಂಡುಕೊಂಡವಳೂ ಆಕೆಯೇ. ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗಿನಲ್ಲಿ ಆತನ ಶಿರಚ್ಛೇದವಾಯಿತು. ಆಗ ಆತನಿಗೆ ಮೂವತ್ತಾರು ವರ್ಷ.

ಯುದ್ಧ ಮುಗಿಯಿತು, ತಿರಸ್ಕಾರ ಮುಗಿಯಲಿಲ್ಲ. ಯುದ್ಧಕ್ಕೆ ಹೋಗಿ ಮಕ್ಕಳನ್ನು ಕಳೆದುಕೊಂಡ ನೆರೆಹೊರೆಯವರಿಗೆ ಆತನ ನೆನಪು ಮುಳ್ಳಾಯಿತು. ಗಂಡನನ್ನು ತಡೆಯಲಿಲ್ಲವೆಂಬ ನಿಂದೆ ಫ್ರಾಂಜಿಸ್ಕಾಳ ಪಾಲಿಗೆ ಬಂತು. ವಿಧವಾ ವೇತನಕ್ಕೆ ಆಕೆ 1950ರವರೆಗೆ ಕಾಯಬೇಕಾಯಿತು. ಆತನ ಕುರಿತ ಲೇಖನವನ್ನು ಧರ್ಮಪ್ರಾಂತ್ಯದ ಪತ್ರಿಕೆಯಲ್ಲಿ ಅಚ್ಚುಮಾಡಲು ಅದೇ ಬಿಷಪ್ಪರು ಸಮ್ಮತಿಸಲಿಲ್ಲ.

1964ರಲ್ಲಿ ಗಾರ್ಡನ್ ಜ್ಯಾನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಆತನ ಜೀವನವನ್ನು ಗ್ರಂಥವಾಗಿ ಪ್ರಕಟಿಸಿದರು. ಮರುವರ್ಷ ಎರಡನೆಯ ವ್ಯಾಟಿಕನ್ ಮಹಾಸಭೆಯ ಮುಂದೆ ಈ ರೈತನ ಹೆಸರನ್ನು ತಂದವರು, ನಮ್ಮ ಮುಂಬಯಿಯ ಆರ್ಚ್‌ಬಿಷಪ್ಪರಾಗಿದ್ದ ಥಾಮಸ್ ರಾಬರ್ಟ್ಸ್. ಮರಣದಂಡನೆಯ ತೀರ್ಪನ್ನು 1997ರಲ್ಲಿ ಬರ್ಲಿನಿನ ನ್ಯಾಯಾಲಯ ರದ್ದುಪಡಿಸಿತು. 2007ರ ಅಕ್ಟೋಬರ್ 26ರಂದು ಲಿಂಟ್ಸ್ ನಗರದ ಮಹಾದೇವಾಲಯದಲ್ಲಿ ಆತನನ್ನು ಪುನೀತನೆಂದು ಘೋಷಿಸಿದಾಗ ತೊಂಬತ್ತನಾಲ್ಕರ ಫ್ರಾಂಜಿಸ್ಕಾ ಅಲ್ಲಿ ಕುಳಿತಿದ್ದಳು.

ಕಥೆ ಹೀಗೆ ಗೌರವದಲ್ಲಿ ಕೊನೆಗೊಂಡಿತೆಂದು ನಾವು ಸಮಾಧಾನ ಪಡಬಾರದು. ಇದಾವುದೂ ಫ್ರಾಂಟ್ಸನಿಗೆ ಗೊತ್ತಿರಲಿಲ್ಲ. ತನ್ನ ಸಾವಿನಿಂದ ಯುದ್ಧ ಒಂದು ಗಳಿಗೆಯೂ ಮುಂಚೆ ನಿಲ್ಲದೆಂದು ಆತ ಬಲ್ಲ. ಹಾಗಾದರೆ ಏನು ಫಲ? ಫಲ ದೊರೆತರೆ ಮಾತ್ರ ಸತ್ಯದ ಪಕ್ಷ ಹಿಡಿಯುವೆನೆಂಬುದು ವ್ಯಾಪಾರ. ಶಿಲುಬೆಯ ಬುಡದಲ್ಲಿ ನಿಂತವರಿಗೂ ಆ ಶುಕ್ರವಾರ ಫಲವೇನೂ ಕಾಣುತ್ತಿರಲಿಲ್ಲ.

ಇದು ಬರಿಯ ಮೊಂಡುತನವಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಮೊಂಡನು ಯಾರನ್ನೂ ವಿಚಾರಿಸುವುದಿಲ್ಲ; ಈತ ಎಲ್ಲರನ್ನೂ ವಿಚಾರಿಸಿದ. ಮೊಂಡನು ತನ್ನಂತಿಲ್ಲದವರನ್ನು ಹಳಿಯುತ್ತಾನೆ. ಈತ ಯುದ್ಧಕ್ಕೆ ಹೋದವರ ಮೇಲೆ ತೀರ್ಪು ಕೊಡಲಿಲ್ಲ. ಮೊಂಡನಿಗೆ ಬೇಕಾದುದು ಗೆಲವು. ಈತನಿಗೆ ಬೇಕಾದುದು ದೇವರೆದುರು ತಲೆಯೆತ್ತಿ ನಿಲ್ಲುವ ಒಂದು ಮನಸ್ಸು. ಈ ವ್ಯತ್ಯಾಸವನ್ನರಿಯದೆ ತಿರಸ್ಕಾರಕ್ಕೆ ಗುರಿಯಾದ ಮಾತ್ರಕ್ಕೆ ತಾನು ಸತ್ಯವಂತನೆಂದು ಬಗೆಯುವುದು ಅಪಾಯಕರ.

ಕೊನೆಯದಾಗಿ ನನ್ನದೊಂದು ಮಾತು. ನಾನು ಉಪಾಧ್ಯಾಯನಾಗಿದ್ದಾಗ ಶಾಲೆಯ ಜವಾನನೊಬ್ಬನ ಮೇಲೆ ಕಳವಿನ ಆರೋಪ ಬಂತು. ಆತ ನಿರ್ದೋಷಿಯೆಂದು ನಾನು ಬಲ್ಲೆ. ಮೇಲಿನವರ ಮುಖ ನೋಡಿ ಸುಮ್ಮನಿದ್ದೆ. ನನ್ನ ತಲೆಗೆ ಕತ್ತಿಯೇನೂ ತೂಗುತ್ತಿರಲಿಲ್ಲ. ಹೆಚ್ಚೆಂದರೆ ಒಂದು ಬಡ್ತಿ ತಪ್ಪುತ್ತಿತ್ತು. ಆತ ಊರು ಬಿಟ್ಟು ಹೋದ. ಆ ಭಾನುವಾರ ದೇವಾಲಯದಲ್ಲಿ ಮೊಣಕಾಲೂರಿದಾಗ ಪ್ರಾರ್ಥನೆ ನನ್ನ ಬಾಯಿಂದ ಹೊರಡಲಿಲ್ಲ. ಅನೇಕ ವರ್ಷಗಳ ಅನಂತರ ಈ ರೈತನ ಕಥೆಯನ್ನೋದಿದಾಗ ನೆನಪಾದುದು ಆ ಭಾನುವಾರ.

ಎಲ್ಲರಿಗೂ ಬ್ರಾಂಡೆನ್‌ಬುರ್ಗಿನ ಪರೀಕ್ಷೆ ಬರುವುದಿಲ್ಲ. ಬರುವುದು ಜವಾನನ ಪರೀಕ್ಷೆ. ಅದು ಸದ್ದಿಲ್ಲದೆ ಬರುತ್ತದೆ, ನಾವು ‘ಒಲ್ಲೆ’ ಎನ್ನುವುದನ್ನು ಕಾಯುತ್ತದೆ, ಕಾದು ಹೊರಟುಹೋಗುತ್ತದೆ. ಇನ್ನೊಮ್ಮೆ ಬಂದಾಗ ನಾನು ಬಾಯಿ ತೆರೆಯುವೆನೆಂಬುದಷ್ಟೇ ನನ್ನ ಆಸೆ.