ಖಾತೆಯಲ್ಲಿ ಸಿಗದ ಲೆಕ್ಕ

(ದೆಹಲಿಯ ಕನ್ನಡಿಗರ ಕೂಟವೊಂದರಲ್ಲಿ ಮಾಡಿದ ಭಾಷಣ)



ಲೆಕ್ಕಪರಿಶೋಧಕನಾದ ನಾನು ಹಾಡಿನ ವಿಷಯವಾಗಿ ಮಾತನಾಡಲು ನಿಂತಿರುವುದು ನಿಮಗೆ ವಿಚಿತ್ರವೆನಿಸಬಹುದು. ಅದರ ಕಾರಣವನ್ನು ಮೊದಲೇ ನಿವೇದಿಸುತ್ತೇನೆ. ಹಲವು ವರ್ಷಗಳ ಹಿಂದೆ ನೋಯ್ಡಾದ ಕಟ್ಟಡ ಕಾಮಗಾರಿಯೊಂದರ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿದ್ದೆ. ಮೇಲಿನಿಂದ ಬಿದ್ದು ಸತ್ತ ಕೂಲಿಕಾರನ ಕುಟುಂಬಕ್ಕೆ ಕೊಟ್ಟ ಹಣವು ‘ಇತರ ವೆಚ್ಚ’ಗಳ ಸಾಲಿನಲ್ಲಿತ್ತು. ವೋಚರ್ ಸರಿಯಾಗಿತ್ತು, ಸಹಿ ಹಾಕಿದೆನು. ಆತನ ಹೆಸರು ಇಂದು ನನಗೆ ನೆನಪಿಲ್ಲ.

ಅಂಥವರ ಲೆಕ್ಕವನ್ನಿಟ್ಟ ಕವಿಯೊಬ್ಬರಿದ್ದಾರೆ. 1952ರಲ್ಲಿ ಜಮೈಕಾದಲ್ಲಿ ಜನಿಸಿ, ಹನ್ನೊಂದನೆಯ ವಯಸ್ಸಿನಲ್ಲಿ ಲಂಡನ್ನಿಗೆ ಬಂದ ಲಿಂಟನ್ ಕ್ವೆಸಿ ಜಾನ್ಸನ್ ಅವರು ತಮ್ಮ ಜನರ ಆಡುನುಡಿಯಲ್ಲಿಯೇ ಬರೆದರು. ರೆಗ್ಗೆ ಸಂಗೀತದ ಲಯಕ್ಕೆ ಕವಿತೆಯನ್ನು ನುಡಿಯುವ ‘ಡಬ್ ಕಾವ್ಯ’ಕ್ಕೆ ದಾರಿ ತೆರೆದರು. 1981ರ ಜನವರಿ 18ರಂದು ಲಂಡನ್ನಿನ ನ್ಯೂ ಕ್ರಾಸ್‌ನಲ್ಲಿ ಹುಟ್ಟುಹಬ್ಬ ನಡೆಯುತ್ತಿದ್ದ ಮನೆಗೆ ಬೆಂಕಿ ಬಿದ್ದು 13 ಮಂದಿ ಕಪ್ಪು ಯುವಜನರು ಮಡಿದರು. ಎರಡು ಬಾರಿ ಮರಣ ವಿಚಾರಣೆ ನಡೆದರೂ ಹೊಣೆ ಯಾರದೆಂದು ತೀರ್ಮಾನವಾಗಲಿಲ್ಲ. ಜಾನ್ಸನ್ನರ ಕವಿತೆ ಆ ಖಾತೆಯನ್ನು ಮುಚ್ಚಗೊಡಲಿಲ್ಲ.

ಅವರ ‘ಡ್ರೆಡ್ ಬೀಟ್ ಆ್ಯಂಡ್ ಬ್ಲಡ್’ ಸಂಕಲನ ಹೊರಬಂದ 1975ರಲ್ಲಿಯೇ ನಮ್ಮ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಸಿದ್ಧಲಿಂಗಯ್ಯನವರ ಹಾಡುಗಳು ದಲಿತ ಚಳವಳಿಯ ಮೆರವಣಿಗೆಗಳಲ್ಲಿ ಮೊಳಗಿದವು. ಸ್ವಾತಂತ್ರ್ಯವು ಯಾರ ಪಾಲಿಗೆ ಬಂದಿತೆಂದು ದೇಶದ ಲೆಕ್ಕ ಕೇಳಿದವು.

ನಾವಿರುವ ದೆಹಲಿಯಲ್ಲಿಯೂ ಇದರ ಪ್ರತಿಧ್ವನಿಯುಂಟು. ‘ದೆಹಲಿ ಸುಲ್ತಾನೇಟ್’ ಎಂಬ ಹೆಸರಿನಿಂದ ಹಾಡುವ ತರು ದಾಲ್ಮಿಯಾ ಮತ್ತು ಸಂಗಡಿಗರು ಪಂಜಾಬಿನ ಮಾನಸಾ ಜಿಲ್ಲೆಯ ದಲಿತ ಗಾಯಕ ಬಂತ್ ಸಿಂಗ್ ಅವರಲ್ಲಿಗೆ ಹೋಗಿ, ಅವರೊಡನೆ ಹಾಡುಗಳನ್ನು ಧ್ವನಿಮುದ್ರಿಸಿದರು. ಮಗಳಿಗಾದ ಅನ್ಯಾಯಕ್ಕೆ ನ್ಯಾಯ ಕೇಳಿದ ಈ ತಂದೆ 2006ರ ಜನವರಿಯಲ್ಲಿ ನಡೆದ ಹಲ್ಲೆಯಿಂದಾಗಿ ಎರಡೂ ಕೈಗಳನ್ನು, ಒಂದು ಕಾಲನ್ನು ಕಳೆದುಕೊಂಡರು. ಹಾಡುವುದನ್ನು ಬಿಡಲಿಲ್ಲ.

ಬಂಧುಗಳೇ, ನಮ್ಮದು ಲೆಕ್ಕ ಬಲ್ಲ ಸಮಾಜ. ಬಸದಿಯ ಗೋಡೆಯ ಮೇಲೆ ದಾನಿಗಳ ಹೆಸರನ್ನು ಮೊತ್ತಸಹಿತ ಕೆತ್ತಿಸುತ್ತೇವೆ; ಕಲ್ಲು ಹೊತ್ತವನ ಹೆಸರನ್ನು ಬರೆದಿಡುವುದಿಲ್ಲ. ಇಂಥ ಹಾಡು ಕೇಳಿಬಂದಾಗ ‘ಇದು ರಾಜಕೀಯ’ ಎಂದು ಕಿವಿ ಮುಚ್ಚಿಕೊಳ್ಳುವುದು ನಮಗೆ ಶೋಭಿಸದು. ಅವರು ಲೆಕ್ಕ ಕೇಳುತ್ತಿದ್ದಾರೆ. ಲೆಕ್ಕವೊಪ್ಪಿಸುವುದು ನಮ್ಮ ಕರ್ತವ್ಯ.

ಈಗ ಪರಿಶೋಧನೆಗೆ ಹೋದಲ್ಲಿ ಅಂಥ ವೋಚರ್ ಕಂಡರೆ, ಸತ್ತವರ ಹೆಸರು, ಊರು ಕೇಳಿ ಬರೆದುಕೊಳ್ಳುತ್ತೇನೆ. ನಿಯಮದಲ್ಲಿ ಅದಕ್ಕೆ ಸ್ಥಳವಿಲ್ಲ, ನನ್ನ ಪುಸ್ತಕದಲ್ಲಿದೆ.